ಮಗು ಅಜ್ಜಿಯನ್ನು ಬಿಟ್ಟು ನನ್ನ ಹತ್ತಿರ ಬರುತ್ತಿಲ್ಲ. ನನ್ನನ್ನು ಮರೆತುಬಿಟ್ಟಳಾ?

ನೀವು ಬರೆದದ್ದು ಇಷ್ಟು: ಹೆರಿಗೆ ರಜೆ ಮುಗಿಯಿತು, ವಾರವೆಲ್ಲ ನೀವು ಬೆಂಗಳೂರಿನಲ್ಲಿ, 9 ತಿಂಗಳ ಮಗಳು ಹಾಸನದಲ್ಲಿ ನಿಮ್ಮ ಅಮ್ಮನ ಹತ್ತಿರ. ಶುಕ್ರವಾರ ರಾತ್ರಿ ಬಂದು ಕೈ ಚಾಚಿದರೆ ಅಜ್ಜಿಯ ಕುತ್ತಿಗೆ ತಬ್ಬಿಕೊಂಡು ಅಳುತ್ತಾಳೆ.

ಮರೆತಿಲ್ಲ.

ನಾನು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಹಣ್ಣು ಕೊಯ್ಲಿನ ಕಾಲದಲ್ಲಿ ತಾಯಂದಿರು ಬೆಳಿಗ್ಗೆ ಮಗು ಬಿಟ್ಟು ಹೋಗುತ್ತಾರೆ, ನಡುವೆ ಹಾಲು ಕುಡಿಸಿ ಹೋಗುತ್ತಾರೆ, ಸಂಜೆ ಕರೆದುಕೊಂಡು ಹೋಗುತ್ತಾರೆ. ದಿನವೆಲ್ಲ ಆಡಿಕೊಂಡಿದ್ದ ಕೂಸು ಸಂಜೆ ಅಮ್ಮನ ಮುಖ ಕಂಡ ಕೂಡಲೇ ಗೋಳೋ ಅನ್ನುತ್ತದೆ. "ಅದಕ್ಕೆ ಆಯಾನೇ ಸಾಕಂತೆ" ಅಂತ ಜೊತೆಯವರು ರೇಗಿಸುತ್ತಾರೆ. ತಾಯಿ ಮುಖ ಸಪ್ಪೆಯಾಗುತ್ತದೆ. ನನಗೆ ಈ ತಮಾಷೆ ಕಂಡರೆ ಆಗುವುದಿಲ್ಲ. ಅಳು ತಡೆದುಕೊಂಡಿದ್ದ ಮಗು ಅದನ್ನು ತನ್ನವರ ಮುಂದೆ ಹೊರಗೆ ಬಿಡುವುದು ಅಮ್ಮ ಬೇಡ ಅಂತಲ್ಲ, ಅಲ್ವಾ?

8-9 ತಿಂಗಳಿಗೆ ಮಕ್ಕಳು ಅಂಟಿಕೊಳ್ಳುವುದು, ಹೊಸ ಮುಖ ನೋಡಿ ಅಂಜುವುದು ಜೋರಾಗುತ್ತದೆ. ಆರೇಳು ತಿಂಗಳವರೆಗೆ ಯಾರೆತ್ತಿದರೂ ಹೋಗುತ್ತಿದ್ದ ಮಗು ಈಗ ಆರಿಸುತ್ತದೆ. ನಮ್ಮ ಕಾನೂನಿನ ರಜೆ 26 ವಾರ. ಸರಿಯಾಗಿ ಈ ಹಚ್ಚಿಕೊಳ್ಳುವ ಹೊತ್ತಿಗೇ ಅಮ್ಮ ಬಸ್ ಹತ್ತಬೇಕು! ಯಾರ ಲೆಕ್ಕವೋ ಏನೋ.

ಹಾಗಂತ ಅಜ್ಜಿಗೆ ಸಿಕ್ಕಿದ್ದು ನಿಮಗೆ ಕಡಿಮೆಯಾಯಿತು ಅಂದುಕೊಳ್ಳಬೇಡಿ. ಸ್ಕಾಟ್ಲೆಂಡ್‌ನ ಗ್ಲಾಸ್ಗೋದಲ್ಲಿ ಶಾಫರ್ ಮತ್ತು ಎಮರ್ಸನ್ ಅನ್ನುವ ಸಂಶೋಧಕರು 60 ಮಕ್ಕಳನ್ನು ಅವರವರ ಮನೆಯಲ್ಲೇ ಗಮನಿಸಿ 1964ರಲ್ಲಿ ಬರೆದರು. ಒಂದೂವರೆ ವರ್ಷಕ್ಕೆ ಹೆಚ್ಚಿನ ಮಕ್ಕಳು ಒಬ್ಬರಿಗಿಂತ ಜಾಸ್ತಿ ಜನರನ್ನು ಹಚ್ಚಿಕೊಂಡಿದ್ದವು. ಹೆಚ್ಚು ಹೊತ್ತು ಜೊತೆಗಿದ್ದವರನ್ನೇ ಹೆಚ್ಚು ಹಚ್ಚಿಕೊಂಡಿದ್ದವು ಅಂತಲೂ ಅಲ್ಲ. ತಾನು ಕರೆದಾಗ ಓಗೊಡುವವರು, ತನ್ನ ಜೊತೆ ಆಡುವವರು ಯಾರು ಅನ್ನುವುದು ಲೆಕ್ಕಕ್ಕೆ ಬರುತ್ತಿತ್ತು. ನಿಮ್ಮ ಎರಡು ದಿನಕ್ಕೆ ಬೆಲೆ ಇರುವುದು ಇಲ್ಲೇ.

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ಮಗುವಿನ ಜೊತೆ ಆಡುತ್ತಿದ್ದ ತಾಯಿ ಕೆಲವು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ನೆ ಕೂರಬೇಕು. ಮಗು ನಗುತ್ತದೆ, ಕೂಗುತ್ತದೆ, ಏನೇನೋ ಮಾಡಿ ಕರೆಯುತ್ತದೆ. ಉತ್ತರ ಸಿಗದಿದ್ದರೆ ಮುಖ ತಿರುಗಿಸುತ್ತದೆ, ಅಳುತ್ತದೆ. ಶನಿವಾರ ಮಗಳ ಮುಂದೆ ಮೊಬೈಲ್ ಹಿಡಿದು ಕೂತರೆ ಅವಳಿಗೆ ಕಾಣುವುದು ಹೆಚ್ಚೂಕಡಿಮೆ ಅಂಥದ್ದೇ ಮುಖ. ಆದರೆ ಹೆದರಬೇಡಿ. ಚೆನ್ನಾಗಿರುವ ತಾಯಿ-ಮಕ್ಕಳಲ್ಲೂ ತಾಳ ತಪ್ಪುತ್ತಲೇ ಇರುತ್ತದೆ ಅಂತಲೂ ಅವರೇ ತೋರಿಸಿದರು. ತಪ್ಪಿದ ಮೇಲೆ ಮತ್ತೆ ಕೂಡಿಸಿಕೊಂಡರೆ ಆಯಿತು.

ಈ ಶುಕ್ರವಾರ ಬಾಗಿಲಲ್ಲೇ ಕಿತ್ತುಕೊಳ್ಳಲು ಹೋಗಬೇಡಿ. ಕೈಕಾಲು ತೊಳೆದು ನೆಲದ ಮೇಲೆ ಕೂತು ಮೊದಲು ನಿಮ್ಮ ಅಮ್ಮನ ಜೊತೆ ಮಾತಾಡಿ. ಅವಳು ಅಜ್ಜಿ ಮಡಿಲಿಂದ ನಿಮ್ಮನ್ನು ಚೆನ್ನಾಗಿ ನೋಡಲಿ. ತಾನೇ ಅಂಬೆಗಾಲಿಟ್ಟು ಬರುತ್ತಾಳೆ, ಅಥವಾ ನಿಮ್ಮ ಬಳೆ ಹಿಡಿಯುತ್ತಾಳೆ. ಶನಿವಾರ ಎಣ್ಣೆ ಹಚ್ಚಿ ನೀರು ಹಾಕುವುದು, ರಾಗಿ ಸರಿ ತಿನ್ನಿಸುವುದು, ಮಲಗಿಸುವುದು ನಿಮ್ಮ ಕೆಲಸವಾಗಲಿ. ಆಟದ ಸಾಮಾನು ತರುವುದಕ್ಕಿಂತ ಇದು ಮೇಲು. ಅಜ್ಜಿ ಪಕ್ಕದಲ್ಲೇ ಇರಲಿ, ಆದರೆ ಅತ್ತ ಕೂಡಲೇ ಎತ್ತಿಕೊಳ್ಳದಿರಲಿ. ನಿಮ್ಮ ಅಮ್ಮನಿಗೆ ಇದೇ ಕಷ್ಟ ಆಗಬಹುದು!

ಮಗು ಅಜ್ಜಿಯನ್ನೂ ಸೇರಿ ಯಾರನ್ನೂ ಹುಡುಕದಿದ್ದರೆ, ಮುಖ ನೋಡದಿದ್ದರೆ, ಹೆಸರು ಕರೆದರೂ ತಿರುಗದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ನೀವು ಬರೆದದ್ದರಲ್ಲಿ ಅಂಥದ್ದೇನೂ ಕಾಣಲಿಲ್ಲ.

ಭಾನುವಾರ ಹೊರಡುವಾಗ ಮಾತ್ರ ಮಗು ಮಲಗಿದೆ ಅಂತ ಕದ್ದು ಹೋಗಬೇಡಿ. ಅತ್ತರೂ ಪರವಾಗಿಲ್ಲ, ಮುತ್ತು ಕೊಟ್ಟು ಟಾಟಾ ಹೇಳಿಯೇ ಹೊರಡಿ.