ದೇವರ ಗೂಡಿನಲ್ಲಿ ಮೂರು ಮುಡುಪು

ಕೋಲಾರದ ಕಡೆಯ ಟೊಮೇಟೊ ರೈತ, ವಯಸ್ಸು ನಲವತ್ತರ ಆಸುಪಾಸು. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಸಲಹೆಗೆಂದು ನನ್ನ ಹತ್ತಿರ ಕರೆದುಕೊಂಡು ಬಂದವರು ಹೆಂಡತಿ. "ರಾತ್ರಿ ಮೂರಕ್ಕೇ ಎದ್ದು ದೇವರ ಮುಂದೆ ಕೂರ್ತಾರೆ ಮೇಡಂ. ಭಕ್ತಿ ಆಗಿದ್ರೆ ನಾನ್ಯಾಕೆ ಬೇಡ ಅನ್ಲಿ? ನಡುಗ್ತಾ ಕೂರ್ತಾರೆ" ಎಂದರು.

2023ರ ಜುಲೈ ನೆನಪಿದೆ ಅಲ್ವಾ? ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಟೊಮೇಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಇವರ ತೋಟ ಸರಿಯಾಗಿ ಅದೇ ಹೊತ್ತಿಗೆ ಕೊಯ್ಲಿಗೆ ಬಂದಿತ್ತು. ಒಳ್ಳೆ ರೇಟು ಸಿಕ್ಕರೆ ಮನೆಮಂದಿಯೆಲ್ಲ ತಿರುಪತಿಗೆ ಬಂದು ಮುಡಿ ಕೊಡ್ತೀವಿ ಅಂತ ನಾಟಿ ಮಾಡುವಾಗಲೇ ಮುಡುಪು ಕಟ್ಟಿದ್ದರು. ರೇಟು ಸಿಕ್ಕಿತು. ಸಾಲ ತೀರಿತು, ಮಗಳ ಕಾಲೇಜು ಫೀಸು ಕಟ್ಟಿದ್ದಾಯಿತು. ತಿರುಪತಿ ಮಾತ್ರ ಇವತ್ತು ನಾಳೆ ಅಂತ ಮುಂದಕ್ಕೆ ಹೋಯಿತು. ಮುಂದಿನ ಬೆಳೆಗೆ ಎಲೆ ಮುದುರು ರೋಗ ಬಿತ್ತು. ಇವರ ತಾಯಿ ಒಂದೇ ಮಾತು ಅಂದರು: "ಕೊಟ್ಟವನನ್ನ ಮರೆತೆ."

ಅಲ್ಲಿಂದ ಎರಡನೇ ಮುಡುಪು, ಆಮೇಲೆ ಮೂರನೆಯದು. ಮೊಬೈಲಿನಲ್ಲಿ ದೇವರ ಗೂಡಿನ ಫೋಟೊ ತೋರಿಸಿದರು. ಮೂರು ಗಂಟು ಸಾಲಾಗಿ ಕೂತಿವೆ. ಮೊದಲನೆಯದರ ಅರಿಶಿನ ಮಾಸಿ ಬಟ್ಟೆ ಬಿಳಿಚಿಕೊಂಡಿದೆ, ಮೂರನೆಯದು ಇನ್ನೂ ಹಳದಿ ಹಳದಿ. "ತಿಮ್ಮಪ್ಪ ಬಡ್ಡಿ ಸಮೇತ ವಸೂಲಿ ಮಾಡ್ತಾನೆ ಮೇಡಂ" ಎಂದರು.

ನಾನು ಮೊದಲು ದೇವರ ವಿಷಯಕ್ಕೆ ಹೋಗಲಿಲ್ಲ. ನಿದ್ದೆ, ಊಟ, ಕುಡಿತ, ಹೊಸ ಸಾಲ ಎಲ್ಲ ಕೇಳಿದೆ. ಸಾಯಬೇಕು ಅನ್ನಿಸಿದೆಯಾ ಅಂತ ನೇರವಾಗಿಯೇ ಕೇಳಿದೆ. ರೈತರ ಹತ್ತಿರ ಇದನ್ನು ಸುತ್ತಿ ಬಳಸಿ ಕೇಳಬಾರದು. ಇಲ್ಲ ಎಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಟ್ಟೆ.

ಆಮೇಲೆ ಕೇಳಿದೆ: "ಆ ಜುಲೈನಲ್ಲಿ ದುಡ್ಡು ಕೈಗೆ ಬಂದ ದಿನ ಖುಷಿ ಆಯ್ತಾ?" ಸ್ವಲ್ಪ ಹೊತ್ತು ಯೋಚಿಸಿದರು. "ಖುಷಿ ಪಡೋಕೆ ಟೈಮೇ ಆಗ್ಲಿಲ್ಲ. ಮುಂದೆ ರೇಟು ಬಿದ್ರೆ ಏನ್ಮಾಡೋದು ಅನ್ನೋದೇ ತಲೇಲಿತ್ತು."

ನನಗೆ ಗಂಟು ಕಂಡದ್ದು ಇಲ್ಲಿ. ಹರಕೆ ಬಾಕಿ ಉಳಿದಿದ್ದು ಇವರ ನಿಜವಾದ ತೊಂದರೆಯಲ್ಲ. ಸಿಕ್ಕಿದ್ದನ್ನು ಒಂದು ದಿನವೂ ಇವರು ಅನುಭವಿಸಿಯೇ ಇರಲಿಲ್ಲ. ಅನುಭವಿಸದೆ ಹೇಳುವ ಥ್ಯಾಂಕ್ಸ್ ಕಂತು ಕಟ್ಟಿದ ಹಾಗೇ ಇರುತ್ತದೆ.

ದೇವರು ಶಿಕ್ಷೆ ಕೊಡ್ತಾನೋ ಇಲ್ಲವೋ ಎಂದು ತೀರ್ಪು ಹೇಳುವುದು ನನ್ನ ಕೆಲಸವಲ್ಲ. ಆದರೆ ಎಲೆ ಮುದುರು ರೋಗವನ್ನು ಗಿಡದಿಂದ ಗಿಡಕ್ಕೆ ಹರಡುವುದು ಬಿಳಿ ನೊಣ. ಆ ವರ್ಷ ಅಕ್ಕಪಕ್ಕದ ತೋಟಗಳಿಗೂ ಬಂದಿತ್ತು ಎಂದು ಅವರೇ ಹೇಳಿದರು. ಅದಕ್ಕೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳಿ ಬನ್ನಿ ಎಂದೆ. ಸಸಿಗೆ ನೈಲಾನ್ ಪರದೆ, ಹೊಲದ ಸುತ್ತ ಜೋಳದ ಸಾಲು, ಇವನ್ನೆಲ್ಲ ಹೇಳಬೇಕಾದವರು ಅಲ್ಲಿದ್ದಾರೆ.

ತಿರುಪತಿಗೆ ಒಂದು ಸಲ ಹೋಗಿ ಮೂರನ್ನೂ ಒಪ್ಪಿಸಿ ಬನ್ನಿ, ಹೊಸ ಮುಡುಪು ಮಾತ್ರ ಬೇಡ ಎಂದೆ. ಹೆಂಡತಿ ಥಟ್ಟನೆ, "ತಿಮ್ಮಪ್ಪನೇ ಮದುವೆಗೆ ಕುಬೇರನ ಹತ್ರ ಸಾಲ ಮಾಡಿದೋನು. ಅವನಿಗೆ ನಮ್ಮ ಕಷ್ಟ ಗೊತ್ತಾಗಲ್ವಾ?" ಅಂದರು. ಆವತ್ತು ಇವರು ನಕ್ಕಿದ್ದು ಅದೊಂದೇ ಸಲ. ನನ್ನ ಯಾವ ಮಾತೂ ಅಷ್ಟು ಕೆಲಸ ಮಾಡಿರಲಿಲ್ಲ.

ಉಳಿದ ಸಲಹೆ ಚಿಕ್ಕದು. ರಾತ್ರಿ ಮೂರರ ಪೂಜೆ ನಿಲ್ಲಿಸಿ. ಶನಿವಾರ ಸಂಜೆ ದೀಪ ಹಚ್ಚಿದ ಮೇಲೆ ಗಂಡ ಹೆಂಡತಿ ಜೊತೆಗೆ ಕೂತು, ಆ ವಾರ ನಿಜವಾಗಿ ಆದ ಒಂದೆರಡು ಒಳ್ಳೇದನ್ನು ದೇವರಿಗೆ ಬಾಯಿಬಿಟ್ಟು ಹೇಳಿ. "ಎಲ್ಲಾ ನಿನ್ನ ದಯೆ" ಅಂದರೆ ಸಾಲದು. ಮೋಟರ್ ಸುಟ್ಟಾಗ ಪಕ್ಕದವರು ನೀರು ಬಿಟ್ಟರು, ಹಸು ಕರು ಹಾಕಿತು, ಹೀಗೆ ಬಿಡಿಸಿ ಹೇಳಬೇಕು. ಬೇಜಾರಿದ್ದರೆ ಅದನ್ನೂ ಹೇಳಿ, ಮೊದಲೇ ಹೇಳಿ. ದಿನಾ ಬೇಡವಾ ಎಂದು ಕೇಳಿದರು. ಎಮನ್ಸ್ ಮತ್ತು ಮೆಕಲಾ ಎಂಬ ಮನೋವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾರಕ್ಕೊಮ್ಮೆ ಇಂಥವನ್ನು ಬರೆದವರಿಗೂ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಇದ್ದದ್ದು ಕಂಡಿತ್ತು. ಈಗಲೇ ಭಯದಲ್ಲಿರುವವರಿಗೆ ದಿನಾ ಅಂದರೆ ಅದೂ ಇನ್ನೊಂದು ಹರಕೆಯಾಗುತ್ತದೆ.

ಜೊತೆಗೆ, ನೀರು ಬಿಟ್ಟವರಿಗೂ ಒಂದು ಮಾತು ಹೇಳಿ ಎಂದೆ. ಇದಕ್ಕೆ ಮಾತ್ರ ಮುಖ ಸಿಂಡರಿಸಿದರು. "ಊರಲ್ಲಿ ಯಾರ್ ಮೇಡಂ ಹಂಗೆಲ್ಲ ಹೇಳ್ತಾರೆ?" ಮಾತು ಬೇಡದಿದ್ದರೆ ಗಿಣ್ಣು ಕೊಡಿ ಎಂದೆ. ಅದಕ್ಕೆ ಒಪ್ಪಿದರು.

ತಿರುಪತಿಗೆ ಹೋಗಿ ಬಂದರು. ನಿದ್ದೆ ಈಗ ಪರವಾಗಿಲ್ಲ, ಹೊಸ ಸಾಲ ಇನ್ನೂ ಇದೆ. ಕಳೆದ ಸಲ ಬಂದಾಗ ಹಬ್ಬದ ಗಡಿಬಿಡಿಯಲ್ಲಿ ಎರಡು ಶನಿವಾರ ತಪ್ಪಿತ್ತಂತೆ. ಅದಕ್ಕೆ ಏನು ಪರಿಹಾರ ಮಾಡಬೇಕು ಅಂತ ಕೇಳಿದರು. ಏನೂ ಬೇಡ, ಮುಂದಿನ ಶನಿವಾರ ಕೂತ್ಕೊಳ್ಳಿ ಎಂದೆ.