ಕಾಲುವೆ ಕಾಣದ ಬದಿಯ ಸೀಟು

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಸಿರುಗುಪ್ಪ ಕಡೆಯ ಭತ್ತದ ರೈತರು, ವಯಸ್ಸು ಮೂವತ್ತೆಂಟು. ನನ್ನ ಬಳಿ ಆಪ್ತಸಮಾಲೋಚನೆಗೆಂದು ಬಳ್ಳಾರಿಗೆ ಬರುವಾಗ ಬಸ್ಸಿನಲ್ಲಿ ಕಾಲುವೆ ಕಾಣದ ಬದಿಯ ಸೀಟು ಸಿಗದಿದ್ದರೆ ನಿಂತೇ ಬರುತ್ತಿದ್ದರು. ಎರಡು ವರ್ಷದ ಹಿಂದೆ ಟ್ರ್ಯಾಕ್ಟರ್ ಕಾಲುವೆಗೆ ಉರುಳಿದಾಗ ಇವರು ದಡ ಸೇರಿದ್ದರು, ತಮ್ಮ ಸೇರಲಿಲ್ಲ.

“ಮೇಡಂ, ಕಣ್ಣನ್ನು ಒಂದು ಕಡೆ ನಿಲ್ಲಿಸಿದರೆ ನೆನಪು ಅಳಿಸಿಹೋಗುತ್ತದೆಯಂತೆ, ಮೊಬೈಲಿನಲ್ಲಿ ನೋಡಿದೆ” ಎಂದರು. ಅಳಿಸುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟೆ. ಅದು ಬ್ರೈನ್‌ಸ್ಪಾಟಿಂಗ್, ಅಮೆರಿಕದ ಡೇವಿಡ್ ಗ್ರ್ಯಾಂಡ್ 2003ರಲ್ಲಿ ಕಂಡುಕೊಂಡ ವಿಧಾನ. ಮಾನಸಿಕ ಆಘಾತಕ್ಕೆ ಕಣ್ಣುಗಳನ್ನು ಅತ್ತಿತ್ತ ಆಡಿಸಿ ಮಾಡುವ ಇಎಂಡಿಆರ್ ಎಂಬ ಚಿಕಿತ್ಸೆಯಿಂದ ಕವಲೊಡೆದದ್ದು. ಇಎಂಡಿಆರ್ ಅನ್ನು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಶಿಫಾರಸು ಮಾಡಿದೆ. ಬ್ರೈನ್‌ಸ್ಪಾಟಿಂಗ್‌ಗೆ ಅಷ್ಟು ಪುರಾವೆ ಇನ್ನೂ ಕೂಡಿಲ್ಲ. ಇದನ್ನೂ ಅವರಿಂದ ಮುಚ್ಚಿಡಲಿಲ್ಲ. ಆದರೂ ಪ್ರಯತ್ನಿಸಿದೆ, ಏಕೆಂದರೆ ತಮ್ಮನ ವಿಷಯ ಬಂದೊಡನೆ ಅವರ ಮಾತು ನಿಂತುಹೋಗುತ್ತಿತ್ತು.

ಎರಡು ಭೇಟಿ ಬರೀ ಉಸಿರಾಟ, ಪಾದ ಊರಿ ಕೂರುವುದು. ಮೂರನೆಯದರಲ್ಲಿ ಕೆಂಪು ಮುಚ್ಚಳದ ಪೆನ್ನನ್ನು ಅವರ ಕಣ್ಣೆದುರು ನಿಧಾನವಾಗಿ ಸರಿಸಿದೆ. ಎಡಗಡೆ ಕೆಳಕ್ಕೆ ಬಂದಾಗ ರೆಪ್ಪೆಗಳು ಪಟಪಟನೆ ಬಡಿದವು, ಗಂಟಲು ಉಬ್ಬಿತು.

“ಸಂಕಟ ಹತ್ತಕ್ಕೆ ಎಷ್ಟು?”

“ಒಂಬತ್ತು.”

ಪೆನ್ನನ್ನು ಅಲ್ಲೇ ಹಿಡಿದೆ. ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಬಹಳ ಹೊತ್ತಿನ ಮೇಲೆ ಅವರ ಬಲಗೈ ಬೆರಳುಗಳು ತಾವಾಗಿಯೇ ಮಡಚಿಕೊಂಡವು. “ಅವನ ಅಂಗಿಯ ಕಾಲರ್ ಸಿಕ್ಕಿತ್ತು ಮೇಡಂ. ಹರಿದು ಕೈಗೆ ಬಂತು.” ಹೆಂಡತಿಗೂ ಹೇಳಿರದ ಮಾತು. ಆ ದಿನ ಒಂಬತ್ತು ಆರಕ್ಕೆ ಇಳಿಯಿತು. ಕಣ್ಣು ನಿಂತ ಜಾಗದ ಪಾಲೆಷ್ಟು, ಅವಸರಪಡಿಸದೆ ಯಾರೋ ಜೊತೆಗೆ ಕುಳಿತದ್ದರ ಪಾಲೆಷ್ಟು ಎಂದು ಕೇಳಿದರೆ ನನ್ನ ಮತ ಎರಡನೆಯದಕ್ಕೇ.

ಮನೆಯಲ್ಲಿ ಒಬ್ಬರೇ ವಿಡಿಯೊ ನೋಡಿಕೊಂಡು ಇದನ್ನು ಮಾಡಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದೆ. ನಿದ್ದೆಗಾಗಿ ದಿನಾ ಕುಡಿಯುತ್ತಿದ್ದುದನ್ನು ವೈದ್ಯರ ಸಲಹೆಯಂತೆ ಇಳಿಸಬೇಕಿತ್ತು; ಮನೋವೈದ್ಯರ ಹೆಸರೆತ್ತಿದರೆ “ನನಗೇನು ಹುಚ್ಚೇ?” ಎಂದರು. ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಮನಸ್ಸಿಗೆ ಮದ್ದು ಕೊಡಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ, ಅದನ್ನು ನೋಡಿಯೇ 1996ರಲ್ಲಿ ದೇಶದ ಬೇರೆ ಜಿಲ್ಲೆಗಳಲ್ಲೂ ಶುರುಮಾಡಿದರು ಎಂದೆ, ತುಸು ಜಂಬದಿಂದಲೇ. ಹೋದರು. ರಾತ್ರಿ ತಡೆಯಲಾಗದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲು ಬರೆದುಕೊಟ್ಟೆ.

ಎಂಟನೆಯ ಭೇಟಿಗೆ ಹೆಂಡತಿಯೊಡನೆ ಬಂದರು. ಕಾಲುವೆ ಬದಿಯ ಕಿಟಕಿಗೆ ಆಕೆ, ಪಕ್ಕದಲ್ಲಿ ಇವರು ಕೂತಿದ್ದರಂತೆ.

“ಸೇತುವೆ ಬಂದಾಗ ಮಾತ್ರ ಕಣ್ಣು ಮುಚ್ಚಿದೆ ಮೇಡಂ.”