ಹಳೇ ಬಂಗಲೆ, ಹೊಸ ಹೋಟೆಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹಳ್ಳಿಗಾಡಿನ ಹಳೆಯ ದೊಡ್ಡ ಬಂಗಲೆಯೊಂದನ್ನು 12 ಕೋಣೆಗಳ ಬುಟೀಕ್ ಹೋಟೆಲ್ ಮಾಡುತ್ತಿದ್ದೇವೆ. ಮಹಡಿಯ ನೆಲ ಮರದ ತೊಲೆಗಳ ಮೇಲಿದೆ, ಚಾವಣಿಯಂಚಿಗೆ ಗಾರೆಯ ಕುಸುರಿಯಿದೆ. ಅಡ್ಡಗೋಡೆ ಎಬ್ಬಿಸಿ ಪ್ರತಿ ಕೋಣೆಗೂ ಬಾತ್‌ರೂಮ್ ಕೊಡಬಹುದೇ?

ಉತ್ತರ: ಗೋಡೆ ಬೇಡ. ಅದು ಚಾವಣಿ ಮುಟ್ಟಿದರೆ ಕುಸುರಿಯ ಸಾಲು ತುಂಡಾಗುತ್ತದೆ, ಕೋಣೆಯ ಗಾಂಭೀರ್ಯವೂ ಹೋಯಿತು. ಬಾತ್‌ರೂಮನ್ನೇ ದೊಡ್ಡ ಬೀರುವಿನ ಹಾಗೆ ತಾನೇ ನಿಲ್ಲುವ ಪೆಟ್ಟಿಗೆಯಾಗಿ ಮಾಡಿಸಿ. ಎತ್ತರ 2.2ರಿಂದ 2.3 ಮೀಟರ್ ಸಾಕು; ಮಂಚದ ತಲೆಹಲಗೆಯ ಬೆನ್ನಿಗೆ ಕೂರಿಸಿದರೆ ಬಾಗಿಲಿನಿಂದ ನೋಡಿದರೆ ಬಾತ್‌ರೂಮ್ ಎಂದು ಗೊತ್ತಾಗುವುದೂ ಇಲ್ಲ. ಮುಂದೊಂದು ದಿನ ಗೋಡೆಗೆ ಗಾಯವಾಗದಂತೆ ಬಿಚ್ಚಿ ತೆಗೆಯಬಹುದು. ಪೆಟ್ಟಿಗೆಗೆ ಮುಚ್ಚಳ ಮಾತ್ರ ಇರಲೇಬೇಕು. ಇಲ್ಲದಿದ್ದರೆ ಬಿಸಿನೀರಿನ ಹಬೆಯೆಲ್ಲ ನೇರ ಕುಸುರಿಗೆ ಹೊಡೆದು ಬೂಷ್ಟು ಹಿಡಿಯುತ್ತದೆ. ಎಕ್ಸಾಸ್ಟ್ ಫ್ಯಾನ್ ದೀಪ ಆರಿದ ಮೇಲೂ 15 ನಿಮಿಷ ತಿರುಗಲಿ, ಅದರ ಕೊಳವೆ ಅಟ್ಟದಲ್ಲಿ ನಿಲ್ಲದೆ ಹೊರಕ್ಕೇ ಹೋಗಲಿ.

ನಿಜವಾದ ತಲೆನೋವು ನೆಲದ ಕೆಳಗಿದೆ. ತೊಲೆಗೆ ತೂತು ಕೊರೆಯುವುದಾದರೆ ಅದು ತೊಲೆಯ ಎತ್ತರದ ಕಾಲುಭಾಗ ಮೀರಬಾರದು, ಎತ್ತರದ ನಟ್ಟನಡುವೆ ಇರಬೇಕು. 225 ಮಿ.ಮೀ. ತೊಲೆಗೆ ಹೆಚ್ಚೆಂದರೆ 56 ಮಿ.ಮೀ. ತೂತು. ಶವರ್‌ನ 50 ಮಿ.ಮೀ. ಕೊಳವೆ ಹೇಗೋ ನುಸುಳೀತು. ಕಮೋಡಿನ 110 ಮಿ.ಮೀ. ಕೊಳವೆಯ ಮಾತೇ ಇಲ್ಲ. ಅದಕ್ಕಿಂತ ಸೂಕ್ಷ್ಮ ಇನ್ನೊಂದಿದೆ: ನೀರು ಹರಿಯಲು ಕೊಳವೆಗೆ ಕೊಡುವ 40ಕ್ಕೆ 1ರ ಇಳಿಜಾರಿನಲ್ಲಿ, 400 ಮಿ.ಮೀ. ಅಂತರದ ತೊಲೆಗಳಲ್ಲಿ, ಪ್ರತಿ ತೊಲೆಗೂ ತೂತು 10 ಮಿ.ಮೀ. ಕೆಳಗೆ ಜಾರುತ್ತದೆ. ಮೂರ್ನಾಲ್ಕು ತೊಲೆ ದಾಟುವಷ್ಟರಲ್ಲಿ ಅದು ನಡುವಿನಲ್ಲಿ ಉಳಿದಿರುವುದಿಲ್ಲ. ಹಾಗಾಗಿ ಕೊಳವೆ ತೊಲೆಗಳನ್ನು ಅಡ್ಡ ಹಾಯದೆ ಅವುಗಳ ಉದ್ದಕ್ಕೇ ಸಾಗುವ ಜಾಗ ಹುಡುಕಿ. ಮೊದಲು ಕೊಳವೆಯ ನಕ್ಷೆ, ಆಮೇಲೆ ಮಂಚದ ಜಾಗ. ಅಲಂಕಾರದ ಡಿಸೈನರ್‌ಗಳು ಇದನ್ನು ತಿರುಗುಮುರುಗಾಗಿ ಮಾಡುವುದೇ ಹೆಚ್ಚು.

ಕಿಟಕಿ ಪಕ್ಕ ಬೀಡುಕಬ್ಬಿಣದ ಸ್ನಾನದ ತೊಟ್ಟಿ ಚೆಂದವೇನೋ ಹೌದು. ಆದರೆ ತೊಟ್ಟಿ, ನೀರು, ಆಳು ಸೇರಿದರೆ 400 ಕೆ.ಜಿ. ಆಸುಪಾಸಿನ ಭಾರ ನಾಲ್ಕು ಪುಟ್ಟ ಕಾಲುಗಳ ಮೇಲೆ ಬೀಳುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ತೊಲೆ ನೋಡಿ ಒಪ್ಪುವ ತನಕ ಆರ್ಡರ್ ಕೊಡಬೇಡಿ.

ಪ್ರಶ್ನೆ: ಊಟದ ಹಜಾರದ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿ ಎಮಲ್ಷನ್ ಬಳಿಸಿದೆವು. ಆರು ತಿಂಗಳಲ್ಲೇ ಗುಳ್ಳೆ ಎದ್ದು, ಬಿಳಿ ಉಪ್ಪು ಉದುರುತ್ತಿದೆ. ಡ್ಯಾಂಪ್‌ಪ್ರೂಫ್ ಬಣ್ಣ ಬಳಿದರೆ ನಿಂತೀತೇ?

ಉತ್ತರ: ನಿಲ್ಲದು. ಹಳೇ ಗೋಡೆ ಎಳೆದುಕೊಂಡ ನೀರನ್ನು ಮೈಯಿಂದಲೇ ಆರಿಸಿಕೊಳ್ಳುತ್ತದೆ. ಸಿಮೆಂಟ್ ಆ ದಾರಿ ಕಟ್ಟಿತು. ನೀರು ಒಳಗೇ ಮೇಲಕ್ಕೇರಿ ಉಪ್ಪನ್ನು ಬಣ್ಣದ ಹಿಂದೆ ತಂದು ಬಿಟ್ಟಿತು. ಇನ್ನೊಂದು ಪದರ ಬಳಿದರೆ ಗುಳ್ಳೆ ಒಂದಡಿ ಮೇಲೆ ಏಳುತ್ತದೆ, ಅಷ್ಟೇ. ಮೊದಲು ಹೊರಗೆ ನೋಡಿ: ಮಳೆನೀರಿನ ಕೊಳವೆ ಒಡೆದಿದೆಯೇ, ಹೊರಗಿನ ಮಣ್ಣು ಒಳನೆಲಕ್ಕಿಂತ ಎತ್ತರವಿದೆಯೇ? ಆಮೇಲೆ ಸಿಮೆಂಟನ್ನು ಉಳಿ-ಸುತ್ತಿಗೆಯಲ್ಲೇ ಕೆತ್ತಿಸಿ. ಬ್ರೇಕರ್ ಯಂತ್ರ ಹಚ್ಚಿದರೆ ಇಟ್ಟಿಗೆಯ ಮುಖವೂ ಕಿತ್ತು ಬರುತ್ತದೆ. ಗೋಡೆ ಆರಲು ಬಿಡಿ. ಅಂದಾಜು 25 ಮಿ.ಮೀ. ದಪ್ಪಕ್ಕೆ ಒಂದು ತಿಂಗಳು. ಹೋಟೆಲ್ ತೆರೆಯುವ ದಿನ ಗೊತ್ತುಮಾಡುವ ಮುಂಚೆ ಈ ಲೆಕ್ಕ ಹಾಕಿ. ಬಳಿಕ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ, ಒಂದೊಂದು ಪದರ 10 ಮಿ.ಮೀ. ಮೀರದಂತೆ. ಕೊನೆಗೆ ಹಾಲಿನಷ್ಟು ತೆಳ್ಳಗಿನ ಸುಣ್ಣದ ನೀರು, ನಾಲ್ಕೈದು ಕೈ, ಪ್ರತಿ ಸಲವೂ ಗೋಡೆ ಒದ್ದೆ ಮಾಡಿಕೊಂಡು. ದಪ್ಪಗೆ ಹೊಡೆದರೆ ಮುಟ್ಟಿದ ಅಂಗಿಗೆಲ್ಲ ಸುಣ್ಣ.

ಪ್ರಶ್ನೆ: ಎಲ್‌ಇಡಿ ಹಾಕಿದ ಮೇಲೆ ತೇಗದ ಹಲಗೆಗೋಡೆ ಮಂಕಾಗಿ, ಬೂದುಬೂದಾಗಿ ಕಾಣುತ್ತದೆ. ಪಾಲಿಶ್ ತಪ್ಪೇ?

ಉತ್ತರ: ಪಾಲಿಶ್ ಮುಟ್ಟಬೇಡಿ, ಬಲ್ಬ್ ಬದಲಿಸಿ. ಡಬ್ಬಿಯ ಮೇಲೆ 2700 ಕೆಲ್ವಿನ್ (ಬೆಚ್ಚನೆಯ ಹಳದಿ ಬೆಳಕು), ಸಿಆರ್‌ಐ (ಬಣ್ಣಗಳನ್ನು ದೀಪ ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಹೆಚ್ಚು ಎಂದಿರಲಿ. ಸಿಆರ್‌ಐ ಕಡಿಮೆಯಿರುವ ದೀಪದಲ್ಲಿ ಸಾಮಾನ್ಯವಾಗಿ ಕೆಂಪೇ ಸೊರಗುವುದು, ಮರದ ಕಳೆಯಿರುವುದು ಅದರಲ್ಲೇ.